ಮೊದಲು ಯಾರ ವಿರುದ್ಧ?

ಬ್ಯಾಡಗಿಯ ಕಾಲೇಜೊಂದರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರ ಕುರಿತು ಮಾತನಾಡಿ ಕುಳಿತಿದ್ದೆ. ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು: "ಸರ್, 1943ರಾಗ ಬ್ರಿಟಿಷರು ಹಿಟ್ಲರನ ವಿರುದ್ಧ ಯುದ್ಧ ಮಾಡಾಕತ್ತಿದ್ರು. ಆವಾಗ ಇವ್ರು ಸರಕಾರದ ರೊಕ್ಕಾ ಲೂಟಿ ಮಾಡಾಕ ಹೋದ್ರ ಹಿಟ್ಲರಗ ಅನುಕೂಲ ಆಗಲಿಲ್ಲೇನ್ರಿ?" ಸಭೆ ನಕ್ಕಿತು. ಅವಳು ನಗಲಿಲ್ಲ, ನನಗೂ ನಗು ಬರಲಿಲ್ಲ.

ಸಿದ್ಧ ಉತ್ತರವೊಂದು ನನ್ನ ಬಳಿ ಇತ್ತು, ಅದನ್ನೇ ಕೊಟ್ಟೆ. 1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಅಂಗೀಕಾರವಾದ 'ಭಾರತ ಬಿಟ್ಟು ತೊಲಗಿ' ಠರಾವು ನಾಜಿವಾದವನ್ನೂ ಫ್ಯಾಸಿಸಂ ಅನ್ನೂ ಹೆಸರಿಸಿಯೇ ವಿರೋಧಿಸಿತ್ತು. ಸ್ವತಂತ್ರ ಭಾರತ ತನ್ನ ಶಕ್ತಿಯನ್ನೆಲ್ಲ ಆ ಹೋರಾಟಕ್ಕೆ ಧಾರೆಯೆರೆಯುತ್ತದೆ ಎಂದಿತ್ತು. ಹುಡುಗಿ ತಲೆಯಾಡಿಸಿ ಕುಳಿತಳು. ಆದರೆ ಅದು ವಕೀಲರ ಉತ್ತರ ಎಂಬುದು ಹೇಳುತ್ತಿರುವಾಗಲೇ ನನಗೆ ಅನಿಸಿತ್ತು. ಠರಾವು ಬರೆದವರು ಜೈಲು ಸೇರಿದ ಮೇಲೆ ಹಳ್ಳಿಹಳ್ಳಿಗಳಲ್ಲಿ ಉಳಿದವರು ಯಾವ ಕಾಗದವನ್ನು ಓದಿಕೊಂಡು ಹೆಜ್ಜೆಯಿಟ್ಟರು?

ಅವಳ ಪ್ರಶ್ನೆ ಹೊಸದೂ ಅಲ್ಲ. 1941ರ ಜೂನ್‌ನಲ್ಲಿ ಜರ್ಮನಿ ಸೋವಿಯತ್ ನೆಲಕ್ಕೆ ನುಗ್ಗಿದ ಬಳಿಕ ನಮ್ಮ ಕಮ್ಯುನಿಸ್ಟರು ಮಹಾಯುದ್ಧವನ್ನು ಜನತಾ ಯುದ್ಧವೆಂದು ಕರೆದು ಕ್ವಿಟ್ ಇಂಡಿಯಾದಿಂದ ದೂರ ನಿಂತರು. ಅವರನ್ನು ದ್ರೋಹಿಗಳೆಂದು ತಳ್ಳಿಹಾಕುವುದು ಸುಲಭ, ನಾನದನ್ನು ಒಪ್ಪಲಾರೆ. ದೊಡ್ಡ ಕೇಡನ್ನು ಮೊದಲು ತಡೆಯೋಣ, ನಮ್ಮ ಮನೆಯ ಕೇಡನ್ನು ಆಮೇಲೆ ನೋಡೋಣ ಎಂಬ ವಾದದಲ್ಲಿ ವಿವೇಕವಿದೆ. ನಾನೂ ಬಹುಕಾಲ ಅನ್ಯಾಯಗಳನ್ನು ಹೀಗೆ ಸರದಿಯಲ್ಲಿ ನಿಲ್ಲಿಸಿಯೇ ಯೋಚಿಸಿದವನು. ಆ ಸರದಿಯನ್ನು ಗೊತ್ತುಮಾಡುವ ಅಧಿಕಾರ ಯಾರದು ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

ಬ್ರಿಟನ್-ಅಮೆರಿಕಗಳ ಅಟ್ಲಾಂಟಿಕ್ ಸನ್ನದಿನ ಸ್ವಯಂನಿರ್ಣಯದ ಮಾತು ಮುಖ್ಯವಾಗಿ ನಾಜಿಗಳ ನೊಗದಡಿಯ ಯುರೋಪಿನ ದೇಶಗಳಿಗೆ ಸಂಬಂಧಿಸಿದ್ದು ಎಂದು 1941ರ ಸೆಪ್ಟೆಂಬರಿನಲ್ಲಿ ಚರ್ಚಿಲ್ ತಮ್ಮ ಸಂಸತ್ತಿಗೆ ಹೇಳಿದರು. ಅಂದರೆ ಸರದಿಯಲ್ಲಿ ನಮಗೆ ಜಾಗವೇ ಇರಲಿಲ್ಲ. ಇತ್ತ ಬೆಳಗಾವಿಯನ್ನು ಕೇಂದ್ರವಾಗಿಸಿಕೊಂಡಿದ್ದ ಮರಾಠಾ ಪದಾತಿದಳದ ಸೈನಿಕರು ಮುಂದೆ ಇಟಲಿಯ ಕಣಿವೆಗಳಲ್ಲಿ ಜರ್ಮನ್ ಪಡೆಗಳೆದುರು ಕಾದಿದರು. ಆ ದಳದ ಯಶವಂತ ಘಾಡ್ಗೆ 1944ರಲ್ಲಿ ಅಲ್ಲೇ ಮಡಿದು ವಿಕ್ಟೋರಿಯಾ ಕ್ರಾಸ್ ಪಡೆದರು. ಫ್ಯಾಸಿಸಂ ವಿರುದ್ಧ ರಕ್ತ ಚೆಲ್ಲಲು ಅರ್ಹರಾದವರು ತಮ್ಮೂರಿನ ಕಂದಾಯದ ಬಗ್ಗೆ ಮಾತಾಡಲು ಅರ್ಹರಲ್ಲ ಎಂದರೆ ಏನರ್ಥ?

ಮಹಾದೇವಪ್ಪ ಹುಟ್ಟಿದ್ದು 1911ರಲ್ಲಿ, ಮೋಟೆಬೆನ್ನೂರಿನಲ್ಲಿ. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯೊಡನೆ ನಡೆದ ಏಕೈಕ ಕನ್ನಡಿಗ; ಆಗ ಹತ್ತೊಂಬತ್ತೂ ತುಂಬಿರಲಿಲ್ಲ. ಮುಂದೆ ಕೊರಡೂರಿನಲ್ಲಿ ಆಶ್ರಮ, ಖಾದಿ, ಪತ್ನಿ ಸಿದ್ಧಮ್ಮನವರೊಂದಿಗೆ ಜೈಲುವಾಸದ ಬದುಕು. 1942ರಲ್ಲಿ ಭೂಗತರಾದ ಮೇಲೆ ಅವರ ತಂಡ ಸರಕಾರದ ಯಂತ್ರಕ್ಕೇ ಕೈಹಾಕಿತು. (ಆಗ ರೈಲು ನಿಲ್ದಾಣಗಳನ್ನು ಪೊಲೀಸರು ಕಾಯುತ್ತಿದ್ದುದು ಇಂಥವರಿಂದಲೇ, ಇಂದು ಹಾವೇರಿಯ ನಿಲ್ದಾಣಕ್ಕೆ ಅವರದೇ ಹೆಸರು.) 1943ರ ಏಪ್ರಿಲ್ 1ರಂದು ವರದೆಯ ದಂಡೆಯ ಹೊಸರಿತ್ತಿಯಲ್ಲಿ, ವೀರಭದ್ರ ದೇವಸ್ಥಾನದಲ್ಲಿರಿಸಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಕಾವಲಿನ ಪೊಲೀಸರ ಗುಂಡಿಗೆ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಬಲಿಯಾದರು.

ಆ ದಿನಗಳನ್ನು ಒಮ್ಮೆ ಒಟ್ಟಿಗೆ ಇಟ್ಟು ನೋಡಿದೆ. ಫೆಬ್ರವರಿ 22: ನಾಜಿವಿರೋಧಿ ಕರಪತ್ರ ಹಂಚಿದ್ದಕ್ಕೆ ಮ್ಯೂನಿಕ್‌ನಲ್ಲಿ ಸೋಫಿ ಶೋಲ್, ಆಕೆಯ ಅಣ್ಣ ಮತ್ತು ಗೆಳೆಯನ ಶಿರಚ್ಛೇದ. ಮಾರ್ಚ್: ಮುಸೊಲಿನಿಯ ಆಳ್ವಿಕೆಯಲ್ಲೇ ಟ್ಯೂರಿನ್ನಿನ ಫಿಯೆಟ್ ಕಾರ್ಮಿಕರ ಮುಷ್ಕರ. ಏಪ್ರಿಲ್ 1: ಹೊಸರಿತ್ತಿ. ಏಪ್ರಿಲ್ 19: ವಾರ್ಸಾದ ಯಹೂದಿ ಕೇರಿಯ ದಂಗೆ. ಇವರಲ್ಲಿ ಯಾರೂ ಇನ್ನೊಬ್ಬರ ಸುದ್ದಿ ಕೇಳಿ ಎದ್ದವರಲ್ಲ. ವಾರ್ಸಾದ ನರಕವನ್ನು ಹೊಸರಿತ್ತಿಗೆ ಸಮಗಟ್ಟುವ ಹುಚ್ಚು ನನಗಿಲ್ಲ. ಬ್ರಿಟಿಷ್ ಆಳ್ವಿಕೆ ನಾಜಿ ಆಳ್ವಿಕೆಯಲ್ಲ. ಆದರೆ ತಮ್ಮ ಹೊಸ್ತಿಲಲ್ಲಿ ನಿಂತ ದರ್ಪಕ್ಕೆ ಅವರೆಲ್ಲ ಅಲ್ಲೇ, ಆಗಲೇ ಒಲ್ಲೆವೆಂದರು. ದೂರದ ದೊಡ್ಡ ಕೇಡು ತೀರಲಿ ಎಂದು ಕಾಯಲಿಲ್ಲ.

ಹಾಗೆಂದು ಒಲ್ಲೆ ಎಂದವರೆಲ್ಲ ಮಾಡಿದ್ದು ಸರಿಯೇ? ಇಲ್ಲಿ ನನ್ನ ಮನಸ್ಸು ಪಕ್ಕದ ಶಿಕಾರಿಪುರ ತಾಲ್ಲೂಕಿನ ಈಸೂರಿಗೆ ಹೋಗುತ್ತದೆ. 1942ರ ಸೆಪ್ಟೆಂಬರಿನಲ್ಲಿ ಆ ಹಳ್ಳಿ ತನ್ನದೇ ಸರಕಾರ ಸಾರಿತು. ಊರಿಗೆ ಬಂದ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಘರ್ಷಣೆಯಲ್ಲಿ ಹತರಾದರು. ಮರುವರ್ಷದ ಮಾರ್ಚ್‌ನಲ್ಲಿ ಐವರಿಗೆ ಗಲ್ಲಾಯಿತು. ಈಸೂರಿನ ಧೈರ್ಯಕ್ಕೆ ಕೈಮುಗಿಯುತ್ತೇನೆ. ಹಾಗೆಯೇ ಆ ಇಬ್ಬರು ನೌಕರರ ಮನೆಗಳನ್ನೂ ಮರೆಯಲಾರೆ. ಮಹಾದೇವಪ್ಪನವರ ತಂಡ ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸುತ್ತಿತ್ತೆಂದು ಇಲ್ಲಿನ ಹಿರಿಯರು ಹೇಳುತ್ತಾರೆ. ಕಡತ ಸುಡುವುದು, ಹಣ ಕಸಿಯುವುದು ಅಹಿಂಸೆಯೇ ಎಂದು ಗಾಂಧಿಯ ಶಿಷ್ಯನೊಬ್ಬ ತನ್ನನ್ನು ಎಷ್ಟು ಬಾರಿ ಕೇಳಿಕೊಂಡಿರಬೇಕು! ನನಗಂತೂ ಅದು ಪೂರ್ತಿ ಬಗೆಹರಿದಿಲ್ಲ. ಪೆಟ್ಟಿಗೆಗೆ ಕೈಹಾಕುವುದಕ್ಕೂ ಮನುಷ್ಯನ ಕೊರಳಿಗೆ ಕೈಹಾಕುವುದಕ್ಕೂ ನಡುವೆ ಗೆರೆಯೊಂದಿದೆ. ಕೋಪ ಏರಿದ ಗುಂಪಿನಲ್ಲಿ ಅದು ಕಾಣುವುದು ಕಷ್ಟ. ಹೊಸರಿತ್ತಿಯಲ್ಲಿ ಸತ್ತವರು ದಾಳಿಗೆ ಹೋದವರೇ ಎಂಬುದನ್ನು ನಾನು ಲಘುವಾಗಿ ಕಾಣಲಾರೆ.

ಆಳುವವರು ನಮ್ಮವರೇ ಆದಾಗಲೂ ಪ್ರಶ್ನೆ ಮುಗಿಯಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಇದೇ ಹಾವೇರಿ ಜಿಲ್ಲೆಯ ಹತ್ತಿಮತ್ತೂರಿನ ಕವಿ ಚಂದ್ರಶೇಖರ ಪಾಟೀಲರು, ನಮ್ಮ ಚಂಪಾ, ಜೈಲು ಕಂಡರು. ಆಗಲೂ ಮೊದಲು ಶಿಸ್ತು, ಮೊದಲು ಪ್ರಗತಿ, ಸ್ವಾತಂತ್ರ್ಯ ಆಮೇಲೆ ಎಂದವರಿದ್ದರು. ಸರದಿಯಲ್ಲಿ ನಿಲ್ಲಿಸುವ ಮಾತು ಬಹಳ ಸಲ ಆಳುವವರ ಕಡೆಯಿಂದಲೇ ಬರುವುದನ್ನು ಗಮನಿಸಿದ ಮೇಲೆ ಅದರ ಮೇಲಿನ ನನ್ನ ನಂಬಿಕೆ ಸಡಿಲಗೊಂಡಿದೆ.

ನಮ್ಮ ಭಾಗದ ಶಿಕ್ಷಕರಲ್ಲಿ ಒಂದು ವಿನಂತಿ. ಎರಡನೆಯ ಮಹಾಯುದ್ಧದ ಪಾಠ ಒಂದು ತಿಂಗಳು, ಸ್ವಾತಂತ್ರ್ಯ ಹೋರಾಟದ ಪಾಠ ಇನ್ನೊಂದು ತಿಂಗಳು ಎಂದು ಬೇರೆ ಮಾಡಬೇಡಿ. ಕರಿಹಲಗೆಯ ಮೇಲೆ 1943 ಎಂದು ಬರೆದು ಮ್ಯೂನಿಕ್, ಟ್ಯೂರಿನ್, ವಾರ್ಸಾಗಳ ಜೊತೆಗೆ ಹೊಸರಿತ್ತಿಯನ್ನೂ ಬರೆಯಿರಿ. ಅದರ ಮುಂದೆ ಮೈಲಾರರೊಬ್ಬರದಲ್ಲ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರ ಹೆಸರೂ ಇರಲಿ. ಮಕ್ಕಳು ಏನು ಕೇಳುತ್ತಾರೋ ಕೇಳಲಿ ಬಿಡಿ.