ಚುಕ್ಕಾಣಿಯಿಲ್ಲದ ಪೆಟ್ಟಿಗೆ



ನೋವನ ನಾವೆಯ ಕಥೆ ನಮಗೆ ಗೊತ್ತು. ನೈಲ್ ನದಿಯ ಜೊಂಡಿನ ನಡುವೆ ಇಟ್ಟ ಮೋಶೆಯ ಪೆಟ್ಟಿಗೆಯ ಕಥೆಯೂ ಗೊತ್ತು. ನಾವು ಒಂದನ್ನು ನಾವೆ ಎನ್ನುತ್ತೇವೆ, ಇನ್ನೊಂದನ್ನು ಪೆಟ್ಟಿಗೆ ಎನ್ನುತ್ತೇವೆ. ಆದರೆ ಹಿಬ್ರೂ ಮೂಲದಲ್ಲಿ ಎರಡಕ್ಕೂ ಒಂದೇ ಪದ: ‘ತೇವಾ’. ಇಡೀ ಹಿಬ್ರೂ ಬೈಬಲಿನಲ್ಲಿ ಈ ಎರಡು ಕಥೆಗಳನ್ನು ಬಿಟ್ಟರೆ ಈ ಪದ ಬೇರೆಲ್ಲೂ ಬರುವುದಿಲ್ಲ. ಯೋನ ಹತ್ತಿದ ಹಡಗಿಗೆ ಬೇರೆ ಪದವಿದೆ. ಒಡಂಬಡಿಕೆಯ ಮಂಜೂಷಕ್ಕೂ ಬೇರೆ ಪದವಿದೆ.

ನೋವನ ತೇವಾ 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ. ಮೋಶೆಯದು ಮೂರು ತಿಂಗಳ ಕೂಸು ಹಿಡಿಸುವಷ್ಟು. ಒಂದು ಮರದ್ದು, ಇನ್ನೊಂದು ಆಪಿನದು. ಎರಡಕ್ಕೂ ರಾಳ ಬಳಿದಿತ್ತು. ಕೇಳಲು ನಮ್ಮ ‘ತೇವ’ದಂತಿದ್ದರೂ ಈ ತೇವಾದ ಕೆಲಸ ನೀರನ್ನು ಹೊರಗಿಡುವುದು!

ಇನ್ನೊಂದು ಹೋಲಿಕೆ ನೋಡಿ. ದೇವರು ನೋವನಿಗೆ ಕೊಟ್ಟ ಅಳತೆಗಳಲ್ಲಿ ಬಾಗಿಲಿದೆ, ಮೂರು ಅಂತಸ್ತುಗಳಿವೆ. ಹುಟ್ಟಿನ ಮಾತಿಲ್ಲ, ಹಾಯಿಯ ಮಾತಿಲ್ಲ, ಚುಕ್ಕಾಣಿಯ ಮಾತಿಲ್ಲ. ಬಾಗಿಲು ಮುಚ್ಚಿದ್ದೂ ಸರ್ವೇಶ್ವರನೇ (ಆದಿಕಾಂಡ 7:16). ಮೋಶೆಯ ಪೆಟ್ಟಿಗೆಗೂ ಚುಕ್ಕಾಣಿಯಿರಲಿಲ್ಲ. ತೇವಾ ನಡೆಸುವ ಹಡಗಲ್ಲ, ಒಪ್ಪಿಸಿಬಿಡುವ ಆಶ್ರಯ.

ಗಂಡುಕೂಸುಗಳನ್ನು ನದಿಗೆ ಎಸೆಯಬೇಕೆಂಬುದು ಫರೋಹನ ಆಜ್ಞೆ. ಆ ತಾಯಿಯೂ ತನ್ನ ಮಗುವನ್ನು ಅದೇ ನದಿಗೆ ತಂದಳು; ಆದರೆ ತೇವಾದೊಳಗಿಟ್ಟು ತಂದಳು. ನದಿಯನ್ನು ಬತ್ತಿಸುವುದು ಅವಳ ಕೈಯಲ್ಲಿರಲಿಲ್ಲ. ರಾಳ ಬಳಿಯುವುದು ಅವಳ ಕೈಯಲ್ಲಿತ್ತು.

ಇಂದು ಎಷ್ಟೋ ತಂದೆತಾಯಿಗಳು ಮಕ್ಕಳನ್ನು ಓದಿಗೆಂದೋ ದುಡಿಮೆಗೆಂದೋ ದೂರದ ಊರಿಗೆ ಕಳುಹಿಸಿ, ಮಗ ಫೋನ್ ಎತ್ತದ ರಾತ್ರಿ ನಿದ್ದೆಗೆಡುತ್ತಾರೆ. ಕೆಲವರಿಗೆ ಕೊನೆಯವರೆಗೂ ಚುಕ್ಕಾಣಿ ತಮ್ಮ ಕೈಯಲ್ಲೇ ಇರಬೇಕೆಂಬ ಹಟ. ಇನ್ನು ಕೆಲವರು ಎಲ್ಲ ದೇವರಿಚ್ಛೆ ಎಂದು ಕೈತೊಳೆದುಕೊಳ್ಳುತ್ತಾರೆ. ರಾಳ ಬಳಿಯದೆ ನೀರಿಗೆ ಬಿಡುವುದು ವಿಶ್ವಾಸವಲ್ಲ, ಅಲಕ್ಷ್ಯ. ಮನೆಮಂದಿ ಕೂಡಿ ಹೇಳುವ ಜಪಸರ, ಒಟ್ಟಿಗೆ ಕುಳಿತು ಉಣ್ಣುವ ಊಟ, ಕೊಟ್ಟ ಮಾತಿಗೆ ತಪ್ಪದ ಅಪ್ಪ, ತಪ್ಪಾದಾಗ ಮಕ್ಕಳ ಬಳಿಯೂ ಕ್ಷಮೆ ಕೇಳುವ ಅಮ್ಮ: ಇವೇ ರಾಳ. ಮಕ್ಕಳು ಚಿಕ್ಕವರಿರುವಾಗಲೇ ಬಳಿಯಬೇಕಾದದ್ದು.

ತೇವಾ ಎಂದರೆ ಕಷ್ಟವೇ ಬಾರದೆಂಬ ಭರವಸೆಯಲ್ಲ. ನೋವನ ಸುತ್ತ ಪ್ರಳಯವಿತ್ತು, ಮೋಶೆಯ ಸುತ್ತ ನದಿಯಿತ್ತು. ಅಂದು ಮಕ್ಕಳನ್ನು ಕಳೆದುಕೊಂಡ ತಾಯಂದಿರ ಪ್ರೀತಿಯೇನೂ ಕಡಿಮೆಯಾಗಿರಲಿಲ್ಲ. ಆದ್ದರಿಂದ ದಾರಿ ತಪ್ಪಿದ ಮಗುವಿನ ತಂದೆತಾಯಿಯತ್ತ ಯಾರೂ ಬೆರಳು ತೋರಿಸಬಾರದು. ಮೋಶೆಯ ಅಕ್ಕ ದೂರದಲ್ಲಿ ನಿಂತು ನೋಡುತ್ತಿದ್ದಳು. ಅಂಥವರ ಜೊತೆ ದಡದಲ್ಲಿ ನಿಲ್ಲುವುದು ನಮ್ಮೆಲ್ಲರ ಕರ್ತವ್ಯ.

ನೋವನ ನಾವೆಯಲ್ಲಿ ಸಂತ ಪೇತ್ರರು ಜ್ಞಾನಸ್ನಾನದ ಮುನ್ಸೂಚನೆಯನ್ನು ಕಂಡರು (1 ಪೇತ್ರ 3:20-21). ನಮ್ಮ ಮಕ್ಕಳನ್ನು ಜ್ಞಾನಸ್ನಾನದ ತೊಟ್ಟಿಯ ಬಳಿಗೆ ಎತ್ತಿಕೊಂಡು ಹೋದ ದಿನವೇ ಅವರನ್ನು ದೇವರ ಕೈಗೆ ಒಪ್ಪಿಸಿದ್ದೇವೆ. ಇಂದು ರಾತ್ರಿ ಮಲಗುವ ಮುನ್ನ ಮಕ್ಕಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ. ದೂರದಲ್ಲಿದ್ದರೆ ಅವರ ಹೆಸರು ಹೇಳಿ ಪ್ರಾರ್ಥಿಸಿ.

ಪ್ರಭುವೇ, ರಾಳ ಬಳಿಯುವ ಶ್ರದ್ಧೆಯನ್ನೂ, ಕೈಬಿಡುವ ಧೈರ್ಯವನ್ನೂ ನಮಗೆ ದಯಪಾಲಿಸಿರಿ. ಆಮೆನ್.