ಹದಿಮೂರು ಓವರುಗಳ ತೀರ್ಪು

ಕಸುಬುದಾರನೊಬ್ಬನ ಯೋಗ್ಯತೆಯನ್ನು ನಿರ್ಣಯಿಸುವಾಗ ಅವನು ವರುಷವರುಷವೂ ಮಾಡಿದುದನ್ನು ನೋಡತಕ್ಕದ್ದೋ, ಇಲ್ಲವೆ ಲೋಕದ ಕಣ್ಣೆಲ್ಲ ತನ್ನ ಮೇಲಿದ್ದ ಒಂದೆರಡು ದಿನಗಳಲ್ಲಿ ಮಾಡಿದುದನ್ನು ನೋಡತಕ್ಕದ್ದೋ? ಹೀಗೆ ಕೇಳಿದರೆ ಎಲ್ಲರೂ ಮೊದಲನೆಯದನ್ನೇ ಒಪ್ಪುವರು. ತೀರ್ಪು ಹೇಳುವ ಹೊತ್ತಿಗೆ ಮಾತ್ರ ಎರಡನೆಯದನ್ನು ಹಿಡಿಯುವರು.

ದಾವಣಗೆರೆಯ ಆರ್. ವಿನಯ್ ಕುಮಾರರು 1984ರಲ್ಲಿ ಹುಟ್ಟಿದವರು. 2004-05ರ ಋತುವಿನಲ್ಲಿ ಕರ್ನಾಟಕದ ಪರವಾಗಿ ರಣಜಿ ಪಂದ್ಯಗಳಿಗೆ ಇಳಿದು, 2021ರ ಫೆಬ್ರವರಿಯಲ್ಲಿ ನಿವೃತ್ತರಾದರು. ಅಷ್ಟರಲ್ಲಿ ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಅವರಿಗೆ 504 ವಿಕೆಟ್ಟುಗಳು ದೊರೆತಿದ್ದುವು. ಅವುಗಳಲ್ಲಿ 442 ರಣಜಿಯವು. ಆ ದಿನದವರೆಗೆ ಆ ಸ್ಪರ್ಧೆಯಲ್ಲಿ ಮತ್ತಾವ ವೇಗದ ಬೌಲರಿಗೂ ಅಷ್ಟು ದೊರೆತಿರಲಿಲ್ಲ. ಅವರು ಆಡಿದ ಟೆಸ್ಟ್ ಪಂದ್ಯವಾದರೋ ಒಂದೇ. 2012ರ ಜನವರಿಯಲ್ಲಿ ಪರ್ತ್ ನಗರದಲ್ಲಿ 13 ಓವರುಗಳನ್ನು ಎಸೆದು, 73 ಓಟಗಳನ್ನು ಕೊಟ್ಟು, ಒಂದು ವಿಕೆಟ್ಟನ್ನು ಪಡೆದರು. ಡೇವಿಡ್ ವಾರ್ನರ್ 69 ಎಸೆತಗಳಲ್ಲಿ ನೂರು ಮುಟ್ಟಿದ್ದು ಆ ಪಂದ್ಯದಲ್ಲೇ. ಮರುವರುಷ ನವೆಂಬರ್ 2ರಂದು ತಮ್ಮ ನಾಡಿನ ಬೆಂಗಳೂರಿನಲ್ಲೇ, ಆಸ್ಟ್ರೇಲಿಯದ ಮೇಲೆ ಒಂದು ದಿನದ ಪಂದ್ಯದಲ್ಲಿ, 9 ಓವರುಗಳಿಗೆ 102 ಓಟಗಳನ್ನು ತೆತ್ತರು. ಭಾರತವು ಗೆದ್ದಿತು, ಅವರಿಗೆ ಮತ್ತೆ ಕರೆ ಬರಲಿಲ್ಲ. ದೇಶದ ಬಹುಮಂದಿಯ ನೆನಪಿನಲ್ಲಿ ಉಳಿದಿರುವುದು ಈ ಎರಡು ಲೆಕ್ಕಗಳೇ.

ಹಾಗೆ ನೆನೆಯುವವರ ಪಕ್ಷದಲ್ಲಿ ಹೇಳತಕ್ಕದ್ದು ಇಲ್ಲದೆ ಇಲ್ಲ. ಮಟ್ಟವೆಂಬುದು ಸುಳ್ಳಲ್ಲ. ಅವರ ಚೆಂಡಿನಲ್ಲಿ ಭಯಂಕರವಾದ ವೇಗವಿರಲಿಲ್ಲ. ಹೊಸ ಚೆಂಡಿನ ಹೊಲಿಗೆಯನ್ನು ನೆಟ್ಟಗಿರಿಸಿ, ಬೆಳಗಿನ ತೇವವನ್ನು ಬಳಸಿಕೊಂಡು, ಒಂದೇ ತಾಣದಲ್ಲಿ ಬೀಳಿಸಿ, ಅತ್ತಿತ್ತ ತುಸುವೇ ಹೊರಳಿಸುವುದು ಅವರ ವಿದ್ಯೆ. ಚೆಂಡು ಹೊರಳದ ದಿನ ಅಂಥ ಬೌಲರಿಗೆ ಮರೆಯೆಂಬುದಿಲ್ಲ. ಮೈಯ ವೇಗವು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ಹೊರಳಿಸುವ ಹದವು ಗೇಯ್ಮೆಯಿಂದ ಬಂದದ್ದು. ಆಯ್ಕೆಗಾರರು ಮೊದಲನೆಯದನ್ನು ಬಯಸಿದರೆ ಅನ್ಯಾಯವೆನ್ನಲಾಗದು, ಅವರಿಗೆ ಬೇಕಾದುದು ಗೆಲವು. ಆದರೆ ನೋಡುವವನು ಆಯ್ಕೆಗಾರನಲ್ಲ. ಬೆಲೆ ಕಟ್ಟುವಾಗ ದೈವದತ್ತವಾದುದನ್ನು ಮೇಲೆಯೂ ದುಡಿದು ಗಳಿಸಿದುದನ್ನು ಕೆಳಗೆಯೂ ಇಡಬೇಕೆಂಬ ಕಟ್ಟು ಅವನಿಗೇಕೆ?

ತಪ್ಪು ನುಸುಳುವುದು ಇಲ್ಲಿ: ‘ಅಲ್ಲಿ ಸಾಲಲಿಲ್ಲ’ ಎಂಬ ನಿಜದಿಂದ ‘ಇಲ್ಲಿ ಮಾಡಿದುದೂ ಏನಲ್ಲ’ ಎಂಬ ತೀರ್ಮಾನಕ್ಕೆ ಹಾರುವುದರಲ್ಲಿ. ಇಲ್ಲಿ ಮಾಡಿದುದು ಏನು? 2010ರ ಜನವರಿಯಲ್ಲಿ ಮೈಸೂರಿನಲ್ಲಿ ನಡೆದ ಅಂತಿಮ ಪಂದ್ಯವನ್ನು ಕರ್ನಾಟಕವು ಮುಂಬಯಿಗೆ ಬರಿಯ ಆರು ಓಟಗಳಿಂದ ಸೋತಿತು; ಆ ಋತುವಿನಲ್ಲಿ ಅವರಿಗೆ 46 ವಿಕೆಟ್ಟುಗಳು. ಬಳಿಕ ಅವರೇ ನಾಯಕರಾಗಿ 2013-14ರಲ್ಲಿಯೂ 2014-15ರಲ್ಲಿಯೂ ರಣಜಿ ಪಾರಿತೋಷಕವನ್ನು ತಂದರು. ಎರಡನೆಯ ಸಲ ತಮಿಳುನಾಡನ್ನು 134ಕ್ಕೆ ಕೆಡವಿದಾಗ ಅವರದು 34 ಓಟಗಳಿಗೆ ಐದು ವಿಕೆಟ್ಟು. ಸಾಲದೆಂಬಂತೆ ಬ್ಯಾಟು ಹಿಡಿದು ಔಟಾಗದೆ 105. 2017ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಅದೇ ಮುಂಬಯಿಯ ಮೇಲೆ ಹ್ಯಾಟ್‌ಟ್ರಿಕ್ಕಿನೊಡನೆ ಆರು ವಿಕೆಟ್ಟುಗಳನ್ನು ಪಡೆದಾಗ ಅವರಿಗೆ ಮೂವತ್ತಮೂರು ವಯಸ್ಸು. ಇನ್ನು ದೇಶದ ಕರೆ ಬರುವ ಸಂಭವವೇ ಇರಲಿಲ್ಲ.

ರಣಜಿ ಪಂದ್ಯಗಳಲ್ಲಿ ಹೆಚ್ಚಾಗಿ ಆಸನಗಳು ಬರಿದಾಗಿರುತ್ತವೆ. ಕಾಣುವವರಿಲ್ಲದಲ್ಲಿ ಚೆನ್ನಾಗಿ ಮಾಡಿದ ಕೆಲಸವು, ಕಾಣುವವರಿದ್ದಲ್ಲಿ ಕೆಟ್ಟ ಕೆಲಸಕ್ಕಿಂತ ಹಗುರವೆ? ತಾಲ್ಲೂಕಿನ ಶಾಲೆಯಲ್ಲಿ ಮೂವತ್ತು ವರುಷ ಕಲಿಸಿದ ಉಪಾಧ್ಯಾಯನನ್ನು, ಒಮ್ಮೆ ರಾಜಧಾನಿಯ ಸಭೆಯಲ್ಲಿ ಅವನು ತಡವರಿಸಿದುದರಿಂದ ಅಳೆಯುವವರು ಯಾರೂ ಇಲ್ಲ. ಆಟಗಾರನ ವಿಷಯದಲ್ಲಿ ಮಾತ್ರ ಹಾಗೆ ಅಳೆಯುವುದಕ್ಕೆ ಯಾರಿಗೂ ಸಂಕೋಚವಿಲ್ಲ.

2019ರಲ್ಲಿ ಅವರು ಕರ್ನಾಟಕವನ್ನು ಬಿಟ್ಟು ಪುದುಚೇರಿಯ ತಂಡವನ್ನು ಸೇರಿದರು. ಎರಡು ಸಲ ಪಾರಿತೋಷಕವನ್ನು ಎತ್ತಿದವರು ಸ್ಪರ್ಧೆಯ ಕಟ್ಟಕಡೆಯ ಗುಂಪಿನಲ್ಲಿ, ಆಟಕ್ಕೆ ಹೊಸದಾದ ಈಶಾನ್ಯದ ತಂಡಗಳ ಎದುರು ಚೆಂಡು ಹಿಡಿದು ಓಡಿಬಂದರು. 442ರಲ್ಲಿ ಕೆಲವು ಅಲ್ಲಿಯವು. ಮುಂಬಯಿಯ ವಿಕೆಟ್ಟಿಗೂ ಅವುಗಳಿಗೂ ತೂಕ ಒಂದೇ ಅಲ್ಲವೆಂದು ಆಕ್ಷೇಪಿಸಬಹುದು, ಸರಿಯಾದ ಆಕ್ಷೇಪಣೆಯೇ. ಆದರೆ ಹಾಗೆ ತೂಗಲು ಹೊರಟವನು ಪರ್ತಿನ ಹದಿಮೂರು ಓವರುಗಳನ್ನೂ ಅದೇ ತಕ್ಕಡಿಗೆ ಹಾಕಬೇಕಾಗುತ್ತದೆ.