ಯಾರೂ ನೋಡೋಕೆ ಬರದವರ ಮಂಚ

ನಮ್ಮ ಕಡೆ ನರ್ಸಿಂಗ್ ಹೋಂ ಅಂದರೆ ಹೆರಿಗೆ ಮಾಡಿಸೋ ಜಾಗ. ಚಿಂತಾಮಣಿಯಲ್ಲೋ ಶಿಡ್ಲಘಟ್ಟದಲ್ಲೋ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕಟ್ಟಡ, ಕೆಳಗೆ ಮೆಡಿಕಲ್ ಸ್ಟೋರು, ಮೇಲೆ ಹತ್ತು ಮಂಚ. ಅಮೆರಿಕದವರು ಅದೇ ಪದ ಹೇಳಿದರೆ ಅದು ಬದುಕಿನ ಇನ್ನೊಂದು ತುದಿ: ಎದ್ದು ಓಡಾಡಲಾರದ ಮುದುಕರನ್ನು ಬಿಟ್ಟು ತಿಂಗಳು ತಿಂಗಳು ದುಡ್ಡು ಕಟ್ಟುವ ಜಾಗ. ಅದಕ್ಕೆ ನಮ್ಮಲ್ಲಿ ಸರಿಯಾದ ಪದ ಇನ್ನೂ ಹುಟ್ಟಿಲ್ಲ. ವೃದ್ಧಾಶ್ರಮ ಅಂದ ತಕ್ಷಣ ಮಕ್ಕಳು ಕೈಬಿಟ್ಟರು ಅನ್ನೋ ಅರ್ಥ ಬಂದುಬಿಡುತ್ತೆ. ಹಾಗಾಗಿ ಊರಲ್ಲಿ ಯಾರಾದರೂ ಕೇಳಿದರೆ ‘ಆಸ್ಪತ್ರೇಲಿದ್ದಾರೆ’ ಅನ್ನುತ್ತೇವೆ. ವರ್ಷವಾದರೂ ಆಸ್ಪತ್ರೆಯಲ್ಲೇ ಇರ್ತಾರೆ.

ನಮ್ಮ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ಮೂಳೆ ಕೂಡಿತು, ಎದ್ದು ನಿಲ್ಲೋ ಶಕ್ತಿ ಮಾತ್ರ ವಾಪಸ್ ಬರಲಿಲ್ಲ. (ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿ ಸುತ್ತ ಆಳದ ಬೋರ್‌ವೆಲ್‌ಗಳ ಫ್ಲೋರೈಡ್ ನೀರು ಕುಡಿದ ತಲೆಮಾರು ಅದು. ಮಂಡಿ, ಬೆನ್ನು ಸರಿಯಾಗಿರೋ ಮುದುಕರನ್ನು ನಾನು ಕಂಡಿದ್ದೇ ಕಡಿಮೆ.) ಒಬ್ಬ ಮಗ ಬೆಂಗಳೂರು, ಇನ್ನೊಬ್ಬ ಡಲ್ಲಾಸ್. ಡಲ್ಲಾಸ್ ಅಣ್ಣ ಫೋನ್ ಮಾಡಿ, ‘ನೀನು ಕಂಪ್ಯೂಟರ್ ಓದಿರೋನು, ನಾಲ್ಕು ಕಡೆ ನೋಡಿ ಯಾವುದು ಚೆನ್ನಾಗಿದೆ ಅಂತ ಹೇಳಪ್ಪಾ’ ಅಂದ. ನಾನೂ ನಮ್ಮ ಜಾತಿಬುದ್ಧಿ ಬಿಡದೆ ಎಕ್ಸೆಲ್ ಶೀಟ್ ತೆರೆದೆ. ಜಾತಿ ಅಂದರೆ ಸಾಫ್ಟ್‌ವೇರ್ ಜಾತಿ.

‘ಚೆನ್ನಾಗಿದೆ’ ಅಂದರೆ ಏನು? ಇದನ್ನು ಮೊದಲು ಕ್ರಮವಾಗಿ ಯೋಚಿಸಿದವರಲ್ಲಿ ಅವೆಡಿಸ್ ಡೊನಬೀಡಿಯನ್ ಅನ್ನೋ ವೈದ್ಯ ಒಬ್ಬ. ಬೈರೂತ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವನು. 1966ರಲ್ಲಿ ಬರೆದ ಪ್ರಬಂಧದಲ್ಲಿ ಆರೈಕೆಯನ್ನು ಮೂರು ಕಡೆಯಿಂದ ನೋಡಬಹುದು ಅಂದ. ಕಟ್ಟಡ, ಜನ, ಸಲಕರಣೆ ಏನಿದೆ ಅನ್ನೋದು ಒಂದು. ದಿನಾ ಏನು ಮಾಡ್ತಾರೆ ಅನ್ನೋದು ಎರಡು. ಕೊನೆಗೆ ರೋಗಿಗೆ ಏನಾಯ್ತು ಅನ್ನೋದು ಮೂರು. ಇವತ್ತಿಗೂ ಪ್ರಪಂಚದ ಬಹುಪಾಲು ಚೆಕ್‌ಲಿಸ್ಟ್‌ಗಳು ಈ ಮೂರರ ಮೇಲೇ ನಿಂತಿವೆ. ನನ್ನ ಶೀಟೂ ಅಷ್ಟೇ.

ಶೀಟ್ ತುಂಬೋಕೆ ಹೋದಾಗ ತಮಾಷೆ ಶುರುವಾಯ್ತು. ದೇವನಹಳ್ಳಿ ರಸ್ತೆಯ ಒಂದು ಹೋಂನಲ್ಲಿ ಮ್ಯಾನೇಜರ್ ಹೆಮ್ಮೆಯಿಂದ, ‘ಎರಡು ವರ್ಷದಿಂದ ಒಬ್ಬರೂ ಬಿದ್ದಿಲ್ಲ ಸಾರ್’ ಅಂದರು. ಸುಳ್ಳಲ್ಲ. ಯಾಕೆಂದರೆ ಅಲ್ಲಿ ಒಬ್ಬರೂ ನಡೆಯುತ್ತಿರಲಿಲ್ಲ. ಮಂಚಕ್ಕೆ ಎರಡೂ ಕಡೆ ಕಂಬಿ, ಹಗಲಲ್ಲೂ ನಿದ್ದೆ. ನಮ್ಮ ಆಫೀಸಲ್ಲೂ ಹೀಗೇ, ಬಗ್ ಕಮ್ಮಿ ತೋರಿಸು ಅಂದರೆ ಟೆಸ್ಟ್ ಮಾಡೋದನ್ನೇ ನಿಲ್ಲಿಸಿಬಿಡ್ತಾರೆ. ಅಮೆರಿಕದಲ್ಲಿ ಸರ್ಕಾರವೇ 2008ರ ಡಿಸೆಂಬರ್‌ನಿಂದ ನರ್ಸಿಂಗ್ ಹೋಂಗಳಿಗೆ ಒಂದರಿಂದ ಐದು ಸ್ಟಾರ್ ಕೊಡ್ತಾ ಬಂದಿದೆ. ಇನ್‌ಸ್ಪೆಕ್ಷನ್ ವರದಿ ಬಿಟ್ಟರೆ ಸಿಬ್ಬಂದಿ ಎಷ್ಟು, ರೋಗಿಗಳು ಹೇಗಿದ್ದಾರೆ ಅನ್ನೋ ಎರಡೂ ಲೆಕ್ಕವನ್ನು ಹೋಂನವರೇ ಬರೆದು ಕಳಿಸುತ್ತಿದ್ದರು. ಸ್ಟಾರ್ ಬೇಕಾದ ಹಾಗೆ ಬರೆದುಕೊಳ್ಳೋದು ಎಷ್ಟು ಸುಲಭ ಅಂತ 2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿತು. ಸಿಬ್ಬಂದಿ ಲೆಕ್ಕವನ್ನು ಸಂಬಳದ ದಾಖಲೆಯಿಂದಲೇ ತೆಗೆಯೋ ಕ್ರಮ 2016ರಲ್ಲಿ ಶುರುವಾಯ್ತು. ಅಷ್ಟು ದೊಡ್ಡ ದೇಶ, ಅಷ್ಟು ದೊಡ್ಡ ಇಲಾಖೆ ಇದ್ದೂ ಹೀಗೆ.

ನಮ್ಮಲ್ಲಿ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಇದೆ. ನಮ್ಮ ಜಿಲ್ಲೆ ಕೋಲಾರದಿಂದ ಬೇರೆಯಾಗಿದ್ದೂ ಅದೇ ವರ್ಷ. ಜಿಲ್ಲೆಗೆ ಒಂದಾದರೂ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗ ಇರೋ ವೃದ್ಧಾಶ್ರಮವನ್ನು ಸರ್ಕಾರ ‘ಸ್ಥಾಪಿಸಬಹುದು’ ಅನ್ನುತ್ತೆ ಕಾಯ್ದೆ. ‘ಸ್ಥಾಪಿಸಬೇಕು’ ಅನ್ನೋದಿಲ್ಲ. ಕ್ರಿಯಾಪದದಲ್ಲೇ ತಪ್ಪಿಸಿಕೊಂಡಿದೆ.

ಸರಿ, ಅಲ್ಲಿರೋರನ್ನೇ ಕೇಳಿದರಾಯ್ತಲ್ಲ ಅಂತೀರಿ. ಕೇಳಿದೆ. ಎಲ್ಲಾ ಕಡೆ ಒಂದೇ ಉತ್ತರ: ‘ಪರವಾಗಿಲ್ಲಪ್ಪಾ, ಚೆನ್ನಾಗಿ ನೋಡ್ಕೊಂತಾರೆ.’ ರಾತ್ರಿ ನೀರು ಕೊಡಬೇಕಾದವಳು ಪಕ್ಕದಲ್ಲಿ ನಿಂತಿರುವಾಗ ಹಗಲಲ್ಲಿ ದೂರು ಹೇಳೋರು ಯಾರು? ಇನ್ನೊಂದು ಹೋಂನಲ್ಲಿ ನೋಡಿದ್ದು: ಗುಡಿಬಂಡೆ ಕಡೆಯ ಅಜ್ಜ ಒಬ್ಬರು ‘ನೀಳ್ಳು, ನೀಳ್ಳು’ ಅನ್ನುತ್ತಿದ್ದರು. ನಮ್ಮ ತಾಲ್ಲೂಕುಗಳಲ್ಲಿ ಬಹಳ ಮನೆಗಳ ಒಳಮಾತು ತೆಲುಗು. ಆಯಾ ಜಾರ್ಖಂಡದಿಂದ ಬಂದ ಹುಡುಗಿ. ನಗುತ್ತಾ ಬಂದು ಹೊದಿಕೆ ಸರಿಮಾಡಿ ಹೋದಳು. ಅವಳಲ್ಲಿ ತಪ್ಪೇನಿಲ್ಲ. ನನ್ನ ಶೀಟಲ್ಲಿ ‘ಸಿಬ್ಬಂದಿ ನಗುಮುಖ’ ಅನ್ನೋ ಕಾಲಮ್ಮಿಗೆ ಪೂರಾ ಅಂಕ. ಅಜ್ಜನಿಗೆ ಬಾಯಾರಿಕೆ. ನೀರು ನಾನು ಕೊಟ್ಟೆ, ಆದರೆ ನಾನಿದ್ದದ್ದು ಅರ್ಧ ಗಂಟೆ.

ಡೊನಬೀಡಿಯನ್ ಸಾಯೋ ಹೊತ್ತಿಗೆ, ತಾನೇ ಕ್ಯಾನ್ಸರ್ ರೋಗಿಯಾಗಿ ಆಸ್ಪತ್ರೆ ನೋಡಿದ ಮೇಲೆ ಕೊಟ್ಟ ಸಂದರ್ಶನದಲ್ಲಿ, ಗುಣಮಟ್ಟದ ಗುಟ್ಟು ಕೊನೆಗೂ ಪ್ರೀತಿ ಅನ್ನೋ ಅರ್ಥದ ಮಾತು ಹೇಳಿದನಂತೆ. ಜೀವನಪೂರ್ತಿ ಅಳತೆ ಕಲಿಸಿದ ಮನುಷ್ಯ ಹೇಳಿದ್ದರಿಂದ ಅದಕ್ಕೆ ತೂಕ ಇದೆ. ಆದರೆ ಅಳತೆಯನ್ನೇ ಮಾಡದ ನಮ್ಮ ಊರಲ್ಲಿ ಈ ಮಾತು ಕೇಳಿದರೆ ನನಗೆ ಭಯ. ನಮ್ಮಲ್ಲಿ ಪ್ರೀತಿ, ಸೇವೆ, ಪುಣ್ಯ ಅನ್ನೋ ಪದಗಳನ್ನು ಬೋರ್ಡಿಗೆ ಬರೆದು ಆಯಾಗಳ ಸಂಖ್ಯೆ ಕಡಿಮೆ ಮಾಡೋದು ಬಹಳ ಸುಲಭ.

ಲೆಕ್ಕ ಹಾಕಿ ನೋಡಿ. ಮಲಗಿದಲ್ಲೇ ಇರೋರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ ಹಾಸಿಗೆ ಹುಣ್ಣಾಗುತ್ತೆ. ನಾನು ನೋಡಿದ ಒಂದು ಕಡೆ ಹದಿನಾರು ಮಂಚಕ್ಕೆ ರಾತ್ರಿ ಒಬ್ಬಳೇ ಆಯಾ. ಒಬ್ಬರನ್ನು ತಿರುಗಿಸಿ, ಒದ್ದೆಯಾಗಿದ್ದರೆ ಬದಲಿಸಿ, ಒಂದು ಗುಟುಕು ನೀರು ಕುಡಿಸೋಕೆ ಹತ್ತು ನಿಮಿಷ ಅನ್ನಿ. ಹದಿನಾರು ಜನಕ್ಕೆ 160 ನಿಮಿಷ. ಅವಳ ಹತ್ತಿರ ಇರೋದು 120. ತಾಯಿ ಹೃದಯ ಇದ್ದರೂ 160 ನಿಮಿಷದ ಕೆಲಸ 120ರಲ್ಲಿ ಹಿಡಿಸೋಲ್ಲ. ನಾಲ್ಕು ಜನ ಪ್ರತಿ ಸುತ್ತಲ್ಲೂ ಉಳಿದೇ ಉಳೀತಾರೆ.

ಆ ನಾಲ್ಕು ಜನ ಯಾರು ಅನ್ನೋದೇ ನನ್ನ ಪ್ರಶ್ನೆ. ಭಾನುವಾರ ಸ್ವೀಟ್ ಡಬ್ಬ ಹಿಡಿದುಕೊಂಡು ಬಂದು ಆಯಾ ಕೈಗೆ ಇನ್ನೂರು ರೂಪಾಯಿ ಇಡೋ ಮಗನಿರೋ ತಾಯಿ ಅಲ್ಲ. ಡಲ್ಲಾಸ್‌ನಿಂದ ಕ್ಯಾಮೆರಾದಲ್ಲಿ ನೋಡ್ತಾ ಇರೋ ಮಗನಿರೋಳೂ ಅಲ್ಲ. (ಅಣ್ಣ ಕ್ಯಾಮೆರಾ ಬೇಕೇ ಬೇಕು ಅಂದ. ಡೈಪರ್ ಬದಲಿಸೋವಾಗಲೂ ಆನ್ ಇರಬೇಕಾ ಅಂತ ಕೇಳಿದೆ. ಸುಮ್ಮನಾದ.) ನಾವು ಎಚ್ಚರದಿಂದ ಇದ್ದೀವಿ, ಪದೇ ಪದೇ ಹೋಗ್ತೀವಿ, ಪ್ರಶ್ನೆ ಕೇಳ್ತೀವಿ ಅಂತ ಹೆಮ್ಮೆ ಪಡ್ತೀವಲ್ಲ, ಅದರಿಂದ ಒಟ್ಟು ಆರೈಕೆ ಒಂದು ನಿಮಿಷವೂ ಹೆಚ್ಚಲ್ಲ. ಇರೋ 120 ನಿಮಿಷದಲ್ಲಿ ನಮ್ಮವರ ಹತ್ತು ನಿಮಿಷ ಗಟ್ಟಿಯಾಗುತ್ತೆ, ಮೂಲೆ ಮಂಚದವರದು ಕರಗುತ್ತೆ. ಒಳ್ಳೇ ಮಗ ಅನ್ನಿಸಿಕೊಳ್ಳೋದು ಇನ್ನೊಬ್ಬರ ಪಾಲು ತಿಂದು ಅನ್ನೋದು ನನಗೆ ಹಿಡಿಸಲಿಲ್ಲ. ಹಾಗಂತ ಹೋಗೋದು ಬಿಡೋಕಾಗುತ್ತಾ? ಅದೂ ಆಗಲ್ಲ.

ಈ ಗೋಜಲನ್ನು ದೊಡ್ಡಮ್ಮನಿಗೆ ಹೇಳಿದೆ. ಅವಳು ನಲವತ್ತು ವರ್ಷ ರೇಷ್ಮೆ ಹುಳ ಸಾಕಿದವಳು. ಬೆಳಗಿನ ಜಾವಕ್ಕೆ ಎದ್ದು ಸೊಪ್ಪು ಹಾಕಿ, ನಾಲ್ಕನೇ ಜ್ವರ ದಾಟೋವರೆಗೂ ನಿದ್ದೆ ಅರೆಬರೆ. ಅವಳು ಹೇಳಿದ್ದು ಇಷ್ಟು: ‘ತಟ್ಟೆ ನಡುವಿನ ಹುಳ ನೋಡಿ ಬೆಳೆ ಹೇಳ್ಬಾರದು ಕಣಪ್ಪಾ. ಅಂಚಿಗೆ ಹತ್ಕೊಂಡು ಬಂದಿರೋ ಹುಳ ನೋಡು. ಅಲ್ಲೇ ಗೊತ್ತಾಗೋದು.’ ಹಾಲುತೊಂಡೆ ರೋಗ ಬಂದ ಹುಳ ತಟ್ಟೆಯ ಅಂಚಿನಲ್ಲಿ ಹರಿದಾಡುತ್ತೆ. ನಡುವೆ ಎಲ್ಲಾ ಬೆಳ್ಳಗೆ, ಚೆನ್ನಾಗೇ ಕಾಣುತ್ತೆ.

ನಮ್ಮ ಕೆಲಸದಲ್ಲೂ ಸರ್ವರ್ ಸರಾಸರಿ ಎಷ್ಟು ಬೇಗ ಉತ್ತರ ಕೊಡುತ್ತೆ ಅಂತ ನೋಡಿ ಯಾರೂ ನೆಮ್ಮದಿಯಾಗಿ ಮಲಗಲ್ಲ. ನೂರರಲ್ಲಿ ತೀರಾ ಕೊನೆಯ ಒಬ್ಬ ಎಷ್ಟು ಹೊತ್ತು ಕಾದ ಅಂತ ನೋಡ್ತೀವಿ. ಶೀಟ್ ಅಳಿಸಲಿಲ್ಲ, ಆದರೆ ಮೇಲೆ ಒಂದು ಸಾಲು ಸೇರಿಸಿದೆ: ಇಲ್ಲಿ ಯಾರನ್ನು ನೋಡೋಕೆ ಯಾರೂ ಬರಲ್ಲ? ಅವರ ಹಿಮ್ಮಡಿ ಹೇಗಿದೆ? ಉಗುರು ಯಾವಾಗ ಕತ್ತರಿಸಿದ್ದು? ಊಟ ಬಿಸಿ ಇದ್ದಾಗ ಬರುತ್ತಾ, ಆರಿದ ಮೇಲಾ? ಇದನ್ನು ಕೇಳಿದಾಗ ಮ್ಯಾನೇಜರ್‌ಗಳ ಮುಖ ನೋಡಬೇಕಿತ್ತು. ‘ಅವರು ನಿಮಗೇನಾಗ್ಬೇಕು ಸಾರ್?’ ಅಂದವರೇ ಹೆಚ್ಚು.

ಕೊನೆಗೆ ಚಿಕ್ಕಬಳ್ಳಾಪುರದ ಹತ್ತಿರ ಒಂದು ಸಾಧಾರಣ ಜಾಗ ಆರಿಸಿದೆವು. ಗೋಡೆಗೆ ಬಣ್ಣ ಹೊಡೆದು ಕಾಲವಾಗಿದೆ, ದುಪ್ಪಟಿಗೆ ತೇಪೆ. ಮೂಲೆ ಮಂಚದಲ್ಲಿ ಹೆಸರು ಬಿಟ್ಟು ಬೇರೇನೂ ನೆನಪಿಲ್ಲದ ಯಜಮಾನರು. ಅವರನ್ನು ಹುಡುಕಿಕೊಂಡು ಬಂದವರಿಲ್ಲ. ಗಡ್ಡ ನುಣ್ಣಗೆ ಬೋಳಿಸಿತ್ತು, ಹಿಮ್ಮಡಿ ಕೆಳಗೆ ಮಡಚಿದ ಬಟ್ಟೆ ಇತ್ತು. ಹೇಳದೆ ಕೇಳದೆ ಹೋದ ಎರಡನೇ ಸಲವೂ ಹಾಗೇ ಇತ್ತು. ಆದರೆ ಅಲ್ಲೂ ರಾತ್ರಿಗೆ ಹದಿನಾಲ್ಕು ಜನಕ್ಕೆ ಒಬ್ಬಳೇ. ಅವಳು ಎಷ್ಟು ದಿನ ಹೀಗೇ ತಡೀತಾಳೆ? ಇನ್ನೊಬ್ಬಳನ್ನು ಇಟ್ಟರೆ ತಿಂಗಳಿಗೆ 14,000. ನಡೆಸೋರ ಹತ್ತಿರ ಇಲ್ಲ. ಮನೆಯವರು ಇರೋದು ಹತ್ತು ಜನಕ್ಕೆ, ನಾಲ್ಕು ಜನಕ್ಕೆ ಯಾರೂ ಇಲ್ಲ. ಹತ್ತು ಮನೆಯವರು ಹಂಚಿಕೊಂಡರೆ ತಲೆಗೆ 1,400.

ಅಣ್ಣನಿಗೆ ಅದು ದೊಡ್ಡ ದುಡ್ಡಲ್ಲ. ಆದರೂ ಕೇಳಿದ: ‘ಹದಿನಾಲ್ಕಲ್ಲಿ ನಮ್ಮದು ಒಂದು ಪಾಲು. ಸಾವಿರ ಕೊಡ್ತೀನಿ. ಉಳಿದ ನಾನೂರು ಬೇರೆಯವರ ಅಪ್ಪಂದು, ನಾವ್ಯಾಕೆ ಕೊಡಬೇಕು?’ ಅಪ್ರಾಮಾಣಿಕ ಪ್ರಶ್ನೆ ಅಲ್ಲ ಅದು. ಪುಣ್ಯ ಬರುತ್ತೆ ಅಂತ ನಾನು ಹೇಳಲಿಲ್ಲ. ಆ ನಾನೂರು ಕೊಡದಿದ್ದರೆ ಆಯಾ ಬರಲ್ಲ, ಆಗ ಅವರ ಹತ್ತು ನಿಮಿಷ ದೊಡ್ಡಮ್ಮನಿಗೆ ಬರುತ್ತೆ, ಅದು ನಿನಗೆ ಸರೀನಾ ಅಂತಷ್ಟೇ ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ‘ಅಕೌಂಟ್ ನಂಬರ್ ಕಳಿಸು’ ಅಂದ.

ಹತ್ತರಲ್ಲಿ ಏಳು ಮನೆಯವರು ಒಪ್ಪಿದ್ದಾರೆ. ಉಳಿದ ಮೂವರಲ್ಲಿ ಒಬ್ಬರು, ತಮ್ಮ ತಾಯಿ ಮಂಚದ ಹತ್ತಿರವೇ ಹೊಸ ಆಯಾ ಕೂರೋದಾದರೆ ಕೊಡ್ತೀವಿ ಅಂದಿದ್ದಾರೆ.